ಸಣ್ಣ ಟ್ರ್ಯಾಕ್ಟರ್‌ಗೆ ಹೆಚ್ಚುವರಿ ಹೈಡ್ರಾಲಿಕ್ ಔಟ್‌ಲೆಟ್: ಎರಡು ಪೈಪ್ ಸಾಲದು, ಮೂರು ಬೇಕು

ನೀವು ಕೇಳಿರುವುದು ಇಷ್ಟು. ಟ್ರ್ಯಾಕ್ಟರ್‌ನಲ್ಲಿ ಹಿಂದಿನ ಲಿಫ್ಟ್ (ಉಪಕರಣ ಎತ್ತುವ ತೋಳುಗಳು) ಮಾತ್ರ ಇದೆ. ಹೈಡ್ರಾಲಿಕ್ ಟಾಪ್ ಲಿಂಕ್‌ಗೆ (ಉಪಕರಣದ ಮೇಲ್ತುದಿ ಹಿಡಿಯುವ, ಉದ್ದ ಬದಲಾಯಿಸಬಹುದಾದ ಸಿಲಿಂಡರ್) ಒಂದು, ಟ್ರೇಲರ್ ಎತ್ತುವುದಕ್ಕೆ ಒಂದು ಔಟ್‌ಲೆಟ್, ಅಂದರೆ ಒತ್ತಡದ ಆಯಿಲ್ ಹೊರಗೆ ಕೊಡುವ ಬಾಯಿ, ಬೇಕು. ಎರಡು ಲಿವರ್‌ನ ಹಳೇ ವಾಲ್ವ್ ಒಂದು ಸಿಕ್ಕಿದೆ, ಪಂಪ್‌ನಿಂದ ಲಿಫ್ಟ್‌ಗೆ ಹೋಗುವ ಪೈಪ್ ಬಿಚ್ಚಿ ನಡುವೆ ಕೂರಿಸಿದರೆ ಆಯ್ತಲ್ವಾ ಅಂತ. ಮೇಲೆ ಒಬ್ಬರು ‘ಆಯ್ತು, ಒಳಕ್ಕೊಂದು ಪೈಪ್, ಹೊರಕ್ಕೊಂದು ಪೈಪ್’ ಅಂದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೂರನೇ ಪೈಪ್ ಬೇಕೇ ಬೇಕು. ಯಾಕೆ ಅನ್ನುವುದು ಅರ್ಥವಾದರೆ ಉಳಿದ ಕೆಲಸ ಕಷ್ಟ ಅಲ್ಲ.

ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಿನವು ಓಪನ್ ಸೆಂಟರ್. ಅಂದರೆ ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಗೇರ್ ಪಂಪ್ ಆಯಿಲ್ ತಳ್ಳುತ್ತಲೇ ಇರುತ್ತದೆ. ಲಿವರ್‌ಗಳೆಲ್ಲ ನಡುವಿದ್ದಾಗ ಆ ಆಯಿಲ್ ಹೆಚ್ಚು ಒತ್ತಡವಿಲ್ಲದೆ ವಾಲ್ವ್ ಒಳಗಿಂದ ಹಾದು, ಲಿಫ್ಟ್ ಒಳಗಿಂದ ಹಾದು, ಮತ್ತೆ ಹೌಸಿಂಗ್‌ಗೆ (ಗೇರ್ ಬಾಕ್ಸ್ ಗೂಡು, ಸಾಮಾನ್ಯವಾಗಿ ಆಯಿಲ್ ಟ್ಯಾಂಕೂ ಅದೇ) ಬೀಳುತ್ತದೆ. ಯಾವುದೋ ಒಂದು ಲಿವರ್ ಎಳೆದು ದಾರಿ ಅಡ್ಡ ಹಾಕಿದಾಗ ಮಾತ್ರ ಒತ್ತಡ ಏರುತ್ತದೆ. ಈಗ ಮಾಮೂಲಿ ವಾಲ್ವ್‌ನ ಹೊರದಾರಿ, ಅಂದರೆ ಟಿ ಪೋರ್ಟ್, ಟ್ಯಾಂಕಿಗೆ ವಾಪಸ್ ಹೋಗುವುದಕ್ಕೆ ಅಂತಲೇ ಮಾಡಿದ್ದು. ಅದರ ಕಡೆಯ ಗೋಡೆ, ಸೀಲ್ ಎಲ್ಲ ಕಡಿಮೆ ಒತ್ತಡಕ್ಕೆ ತಕ್ಕ ಹಾಗಿರುತ್ತವೆ. ಆ ಟಿ ಪೈಪನ್ನೇ ತೆಗೆದುಕೊಂಡು ಹೋಗಿ ಲಿಫ್ಟ್‌ಗೆ ಕೊಟ್ಟರೆ ಏನಾಗುತ್ತದೆ? ನೀವು ಲಿಫ್ಟ್‌ನಲ್ಲಿ ಭಾರ ಎತ್ತಿದ ಕೂಡಲೇ 150 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಅಥವಾ ಅದಕ್ಕಿಂತ ಜಾಸ್ತಿ ಒತ್ತಡ ಹಿಂದಕ್ಕೆ ಬಂದು ಆ ಟಿ ಕಡೆ ಕೂರುತ್ತದೆ. ಸ್ಪೂಲ್, ಅಂದರೆ ಲಿವರ್ ಎಳೆದಾಗ ವಾಲ್ವ್ ಒಳಗೆ ಜಾರುವ ಕಡ್ಡಿ, ಅದರ ತುದಿಯ ಸೀಲ್ ಹೊರಗೆ ಹಾರುತ್ತದೆ, ಇಲ್ಲದಿದ್ದರೆ ಬಾಡಿಯೇ ಸೀಳುತ್ತದೆ.

ಇದಕ್ಕೇ ಪವರ್ ಬಿಯಾಂಡ್ ಅನ್ನುವ ವ್ಯವಸ್ಥೆ ಇರುವುದು. ವಾಲ್ವ್‌ನ ಹೊರದಾರಿಯಲ್ಲಿ ಒಂದು ಸ್ಲೀವ್ (ಸಣ್ಣ ಕೊಳವೆಯಂಥ ತುಂಡು) ತಿರುಗಿಸಿ ಕೂರಿಸುತ್ತಾರೆ. ಅದು ಒಳಗಿನ ದಾರಿಯನ್ನು ಎರಡಾಗಿ ಮಾಡುತ್ತದೆ. ಬಳಕೆಯಾಗದೆ ಹಾದು ಹೋಗುವ ಆಯಿಲ್ ಪೂರ್ತಿ ಒತ್ತಡ ತಡೆಯುವ ದಾರಿಯಲ್ಲಿ ಮುಂದಿನ ವಾಲ್ವ್‌ಗೆ ಹೋಗುತ್ತದೆ. ಸಿಲಿಂಡರ್‌ನಿಂದ ವಾಪಸ್ ಬರುವ ಆಯಿಲ್ ಮತ್ತು ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದಾಗ ತೆರೆದುಕೊಳ್ಳುವುದು) ಬಿಟ್ಟ ಆಯಿಲ್ ಬೇರೆಯಾಗಿ ಟಿ ಮೂಲಕ ಟ್ಯಾಂಕಿಗೆ ಹೋಗುತ್ತದೆ. ಹಾಗಾಗಿ ಮೂರು ಪೈಪ್: ಪಂಪ್‌ನಿಂದ ಪಿ (ಒಳದಾರಿ), ಲಿಫ್ಟ್‌ಗೆ ಪವರ್ ಬಿಯಾಂಡ್, ಟ್ಯಾಂಕಿಗೆ ಟಿ. ಸ್ಲೀವ್ ಹಾಕಿ ಟಿ ಪೋರ್ಟಿಗೆ ಪ್ಲಗ್ ಹೊಡೆಯುವವರೂ ಇದ್ದಾರೆ, ಅದೂ ಅಷ್ಟೇ ಕೆಟ್ಟದ್ದು, ಯಾಕೆಂದರೆ ಆಗ ರಿಲೀಫ್ ವಾಲ್ವ್‌ಗೆ ಆಯಿಲ್ ಬಿಡಲು ಜಾಗವೇ ಇರುವುದಿಲ್ಲ. ಇನ್ನೊಂದು ವಿಷಯ, ಈ ಸ್ಲೀವ್ ಆಯಾ ವಾಲ್ವ್ ಮಾಡೆಲ್‌ಗೆ ತಕ್ಕಂತೆಯೇ ಇರುತ್ತದೆ. ನಿಮ್ಮ ಹಳೇ ವಾಲ್ವ್ ಮೇಲೆ ನಂಬರ್ ಪ್ಲೇಟ್ ಇಲ್ಲ ಅಂದಿದ್ದೀರಿ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಅದನ್ನು ಬಿಟ್ಟುಬಿಡಿ. ಸ್ಲೀವ್ ಜೊತೆಗೇ ಬರುವ ವಾಲ್ವ್ ತೆಗೆದುಕೊಳ್ಳಿ.

ಸಾಲು ಹೀಗಿರಲಿ. ಪಂಪ್, ಸ್ಟೀರಿಂಗ್‌ಗೂ ಅದೇ ಪಂಪ್ ಆದರೆ ಮೊದಲು ಸ್ಟೀರಿಂಗ್, ಲೋಡರ್ (ಮುಂಭಾಗದ ಬಕೆಟ್) ಇದ್ದರೆ ಆಮೇಲೆ ಲೋಡರ್, ಆಮೇಲೆ ನಿಮ್ಮ ಹೊಸ ವಾಲ್ವ್, ಕಟ್ಟಕಡೆಗೆ ಲಿಫ್ಟ್. ಲಿಫ್ಟ್ ಕೊನೆಗೇ ಇರಬೇಕು, ಯಾಕೆಂದರೆ ಅದು ಆಯಿಲನ್ನು ಒಳಗಿಂದೊಳಗೇ ಹೌಸಿಂಗ್‌ಗೆ ಸುರಿಯುತ್ತದೆ, ಮುಂದಕ್ಕೆ ಕೊಡುವುದಿಲ್ಲ. ಸಾಲಿನಲ್ಲಿ ಮೊದಲಿರುವ ವಾಲ್ವ್ ಪೂರ್ತಿ ಎಳೆದಾಗ ಅದರ ನಂತರದ್ದಕ್ಕೆ ಆಯಿಲ್ ಸಿಗುವುದಿಲ್ಲ, ಟ್ರೇಲರ್ ಏಳುವಾಗ ಲಿಫ್ಟ್ ನಿಂತುಬಿಡುತ್ತದೆ. ಅದು ರಿಪೇರಿ ಅಲ್ಲ, ಇರುವುದೇ ಹಾಗೆ.

ಆಯಿಲ್ ಎಲ್ಲಿಂದ ತೆಗೆಯುವುದು? ಎಷ್ಟೋ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಲೋಡರ್‌ಗೆ ಅಂತ ಕಂಪನಿಯವರೇ ಒಂದು ಬ್ಲಾಕ್ ಕೊಟ್ಟಿರುತ್ತಾರೆ, ಪ್ಲಗ್ ಹಾಕಿದ ಪೋರ್ಟ್‌ಗಳ ಜೊತೆ. ಮ್ಯಾನುಯಲ್‌ನ ಹೈಡ್ರಾಲಿಕ್ ಚಿತ್ರ ನೋಡಿ ಯಾವುದು ಒಳ, ಯಾವುದು ಹೊರ, ಯಾವುದು ಟ್ಯಾಂಕ್ ಅಂತ ಖಚಿತ ಮಾಡಿಕೊಳ್ಳಿ. ಸುಮ್ನೆ ಊಹೆ ಮೇಲೆ ಪೈಪ್ ಬಿಚ್ಚಬೇಡಿ. ಹೈಡ್ರೋಸ್ಟ್ಯಾಟಿಕ್ ಗಾಡಿಯಾದರೆ, ಅಂದರೆ ಆಯಿಲ್ ಒತ್ತಡದಿಂದಲೇ ಚಕ್ರ ಓಡುವುದಾದರೆ, ಟ್ರಾನ್ಸ್‌ಮಿಷನ್‌ಗೆ ಹೋಗುವ ಚಾರ್ಜ್ ಪಂಪ್ ಲೈನ್ ಮುಟ್ಟಲೇಬೇಡಿ. ಇನ್ನು ಹಳೇ ಫರ್ಗ್ಯುಸನ್ ಮಾದರಿಯ ಗಾಡಿ ಇದ್ದವರಿಗೆ: ಅದರಲ್ಲಿ ಪಂಪ್ ಹೌಸಿಂಗ್ ಒಳಗೇ ಇರುತ್ತದೆ, ಕಂಟ್ರೋಲ್ ವಾಲ್ವ್ ಇರುವುದು ಪಂಪ್ ಎಳೆದುಕೊಳ್ಳುವ ಕಡೆ. ಲಿಫ್ಟ್ ಸುಮ್ಮನಿದ್ದಾಗ ಆಯಿಲ್ ಸುತ್ತುವುದೇ ಇಲ್ಲ. ನಾನು ಮೇಲೆ ಹೇಳಿದ ಜೋಡಣೆ ಅದಕ್ಕೆ ಹೊಂದುವುದಿಲ್ಲ.

ಟಿ ಪೈಪ್ ಬಗ್ಗೆ ಜನ ಕಡಿಮೆ ಯೋಚನೆ ಮಾಡುತ್ತಾರೆ, ಆದರೆ ತಲೆನೋವು ಬರುವುದು ಅಲ್ಲಿಂದಲೇ ಜಾಸ್ತಿ. ಅದು ದಪ್ಪ ಇರಲಿ, ಅರ್ಧ ಇಂಚಿಗಿಂತ ಕಡಿಮೆ ಬೇಡ. ಹೌಸಿಂಗ್‌ನಲ್ಲಿ ಖಾಲಿ ಪ್ಲಗ್ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ಆಯಿಲ್ ತುಂಬುವ ಮುಚ್ಚಳದ ಜಾಗಕ್ಕೆ ಅಡಾಪ್ಟರ್ ಹಾಕಿ ಕೊಡಬಹುದು. ಪೈಪ್ ಬಾಯಿ ಆಯಿಲ್ ಮಟ್ಟದ ಕೆಳಗೆ ಮುಳುಗಿರಲಿ, ಮೇಲಿಂದ ಸುರಿದರೆ ನೊರೆ ಬರುತ್ತದೆ, ಆ ನೊರೆಯನ್ನೇ ಪಂಪ್ ಎಳೆದುಕೊಂಡು ಕಿರುಚುತ್ತದೆ. ಮತ್ತೆ ಆ ಲೈನ್‌ನಲ್ಲಿ ಕ್ವಿಕ್ ಕಪ್ಲಿಂಗ್ ಯಾವತ್ತೂ ಹಾಕಬೇಡಿ. ಕಪ್ಲಿಂಗ್ ಬಿಚ್ಚಿಕೊಂಡರೆ ತಾನೇ ಮುಚ್ಚಿಕೊಳ್ಳುತ್ತದೆ, ಆಗ ಟಿ ಪೋರ್ಟಿಗೆ ಪ್ಲಗ್ ಹೊಡೆದ ಹಾಗೆಯೇ.

ಈಗ ಸ್ವಲ್ಪ ಲೆಕ್ಕ. ಪಂಪ್ ಒಂದು ಸುತ್ತಿಗೆ 8 ಸಿಸಿ, ವೇಗ 2500 ಸುತ್ತು ಅಂದರೆ ನಿಮಿಷಕ್ಕೆ 20 ಲೀಟರ್. ನಿಮಿಷದ ಲೀಟರನ್ನು ಬಾರ್‌ನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. 20 ಲೀಟರ್, 160 ಬಾರ್‌ಗೆ 5.3 ಕಿಲೋವ್ಯಾಟ್, ಸುಮಾರು 7 ಎಚ್‌ಪಿ. ನಿಮ್ಮ ಟಾಪ್ ಲಿಂಕ್ ಸಿಲಿಂಡರ್ 50 ಎಂಎಂ ಬೋರ್ ಇದ್ದರೆ 160 ಬಾರ್‌ನಲ್ಲಿ ಹತ್ತಿರ ಹತ್ತಿರ 3.2 ಟನ್ ತಳ್ಳುತ್ತದೆ, ಶಕ್ತಿ ಧಾರಾಳ ಸಾಕು. ಆದರೆ 200 ಎಂಎಂ ಸ್ಟ್ರೋಕ್‌ಗೆ ಬೇಕಾದ ಆಯಿಲ್ 0.4 ಲೀಟರ್ ಅಷ್ಟೇ, ಅಂದರೆ ಒಂದೂಕಾಲು ಸೆಕೆಂಡಿನೊಳಗೆ ಪೂರ್ತಿ ಹೊರಗೆ ಬರುತ್ತದೆ! ಭಾರವಾದ ಉಪಕರಣ ಹಿಂದೆ ಇದ್ದಾಗ ಇದು ಅಪಾಯ. ಅದಕ್ಕೆ ಎ, ಬಿ ಲೈನ್‌ಗಳಲ್ಲಿ (ವಾಲ್ವ್‌ನಿಂದ ಸಿಲಿಂಡರ್‌ಗೆ ಹೋಗುವ ಎರಡು ಪೈಪ್) ಆಯಿಲ್ ಹರಿವು ತಗ್ಗಿಸುವ ರಿಸ್ಟ್ರಿಕ್ಟರ್ ಅಥವಾ ಫ್ಲೋ ಕಂಟ್ರೋಲ್ ಹಾಕಿ. ಟಾಪ್ ಲಿಂಕ್ ಸಿಲಿಂಡರ್ ಮೇಲೆ ಪೈಲಟ್ ಚೆಕ್ ವಾಲ್ವ್ (ಲಿವರ್ ಎಳೆಯುವವರೆಗೆ ಆಯಿಲನ್ನು ಸಿಲಿಂಡರ್‌ನಲ್ಲೇ ಹಿಡಿದಿಡುವುದು) ಇರುವುದನ್ನೇ ಕೊಳ್ಳಿ. ಸ್ಪೂಲ್ ಅನ್ನುವುದು ಸ್ವಲ್ಪ ಸೋರಿಯೇ ಸೋರುತ್ತದೆ, ಚೆಕ್ ಇಲ್ಲದಿದ್ದರೆ ಉಳುವಾಗ ಲಿಂಕ್‌ನ ಉದ್ದ ಮೆಲ್ಲಗೆ ಬದಲಾಗುತ್ತಾ ಹೋಗುತ್ತದೆ, ಆಳ ಒಂದೇ ಸಮ ನಿಲ್ಲುವುದಿಲ್ಲ.

ಟ್ರೇಲರ್ ಕಥೆ ಬೇರೆ. 80 ಎಂಎಂ ಬೋರ್, 800 ಎಂಎಂ ಸ್ಟ್ರೋಕ್ ಸಿಲಿಂಡರ್ ಪೂರ್ತಿ ಎದ್ದಾಗ 4 ಲೀಟರ್ ಕುಡಿಯುತ್ತದೆ. ಅಷ್ಟೂ ನಿಮ್ಮ ಗೇರ್ ಬಾಕ್ಸ್ ಆಯಿಲ್‌ನಿಂದಲೇ ಹೋಗುವುದು, ಏಕೆಂದರೆ ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಎರಡಕ್ಕೂ ಒಂದೇ ಆಯಿಲ್. ಇಳಿಜಾರಿನಲ್ಲಿ ನಿಂತು ಎತ್ತಿದರೆ ಪಂಪ್ ಗಾಳಿ ಎಳೆಯಬಹುದು. ಹಾಗಂತ ಟ್ರೇಲರ್ ಎದ್ದಿರುವಾಗ ಡಿಪ್‌ಸ್ಟಿಕ್ ನೋಡಿ ಆಯಿಲ್ ತುಂಬಿಸಬೇಡಿ, ಇಳಿದಾಗ ಅದೆಲ್ಲ ವಾಪಸ್ ಬಂದು ಸೀಲ್‌ಗಳಿಂದ ಹೊರಗೆ ಬರುತ್ತದೆ. ಸಿಲಿಂಡರ್‌ಗೆ ಎಷ್ಟು ಆಯಿಲ್ ಬೇಕು, ಗಾಡಿ ಎಷ್ಟು ಕೊಡಬಲ್ಲದು, ಎರಡನ್ನೂ ಮ್ಯಾನುಯಲ್‌ನಲ್ಲಿ ನೋಡಿ. ಟ್ರೇಲರ್ ಸಿಲಿಂಡರ್ ಹೆಚ್ಚಾಗಿ ಸಿಂಗಲ್ ಆಕ್ಟಿಂಗ್, ಅಂದರೆ ಒಂದೇ ಪೈಪ್. ಡಬಲ್ ಆಕ್ಟಿಂಗ್ ಸ್ಪೂಲ್‌ನಲ್ಲಿ ಬಿ ಪೋರ್ಟ್ ಮುಚ್ಚಿಟ್ಟು ಇಳಿಸಿದರೆ ಇಳಿಯುತ್ತದೆ, ಆದರೆ ಅಷ್ಟು ಹೊತ್ತೂ ಪಂಪ್ ಆಯಿಲ್ ಮುಚ್ಚಿದ ಬಿ ಕಡೆ ನುಗ್ಗಿ ರಿಲೀಫ್ ಮೇಲೆ ಹಾದು ಬಿಸಿಯಾಗುತ್ತಿರುತ್ತದೆ. ಫ್ಲೋಟ್ (ಎರಡೂ ಪೋರ್ಟನ್ನು ಟ್ಯಾಂಕಿಗೆ ತೆರೆದಿಡುವ ಸ್ಥಾನ) ಇರುವ ಸ್ಪೂಲ್, ಅಥವಾ ಸ್ಕ್ರೂ ತಿರುಗಿಸಿ ಸಿಂಗಲ್‌ಗೆ ಬದಲಾಯಿಸಬಹುದಾದ ಸ್ಪೂಲ್ ಸಿಕ್ಕರೆ ಅದನ್ನೇ ಆರಿಸಿ. ಅವರಿವರ ಟ್ರೇಲರ್‌ಗೆ ಸಿಕ್ಕಿಸುವಾಗ ಕಪ್ಲಿಂಗ್ ಎರಡೂ ಕಡೆ ಒರೆಸಿ. ಅವರ ಕೊಳಕು ಆಯಿಲ್ ನಿಮ್ಮ ಗೇರ್ ಬಾಕ್ಸ್‌ಗೆ ಬರುತ್ತದೆ.

ಹೊಸ ವಾಲ್ವ್‌ನ ರಿಲೀಫನ್ನು ಗಾಡಿಯ ರಿಲೀಫ್‌ನಷ್ಟೇ, ಅಥವಾ ಸ್ವಲ್ಪ ಕೆಳಗೆ ಇಡಿ. 250 ಬಾರ್ ಗೇಜ್ ಹಾಕಿ ನೋಡಿಯೇ ತಿರುಗಿಸಿ, ಕೈ ಅಂದಾಜು ಬೇಡ. ‘ಇನ್ನೊಂದು ಸುತ್ತು ಬಿಗಿ ಮಾಡಿದರೆ ಜಾಸ್ತಿ ಎತ್ತುತ್ತದೆ’ ಅನ್ನುವವರ ಮಾತು ಕೇಳಬೇಡಿ, ಪಂಪ್‌ಗೆ ಅದರದೇ ಮಿತಿ ಇದೆ.

ಹೋಸ್ ವಿಷಯಕ್ಕೆ ಬಂದರೆ, ಒತ್ತಡದ ಲೈನ್‌ಗೆ 3/8 ಇಂಚಿನ ಎರಡು ವೈರ್ ಹೋಸ್ (ಒಳಗೆ ಎರಡು ಪದರ ತಂತಿ ಹೆಣಿಗೆ ಇರುವುದು) ಸಾಕು, 2ಎಸ್‌ಎನ್ ದರ್ಜೆಯದು 330 ಬಾರ್‌ವರೆಗೆ ಕೆಲಸ ಮಾಡುತ್ತದೆ. ಅರ್ಧ ಇಂಚಿನ ಒಂದು ವೈರ್‌ನದು 160 ಬಾರ್ ಅಷ್ಟೇ, ಅದನ್ನು ವಾಪಸ್ ಲೈನ್‌ಗೆ ಇಡಿ. ಥ್ರೆಡ್ ಮಾತ್ರ ತುಂಬಾ ಎಚ್ಚರ. ಬಿಎಸ್‌ಪಿ, ಮೆಟ್ರಿಕ್, ಎನ್‌ಪಿಟಿ, ಜೆಐಸಿ, ಇವೆಲ್ಲ ಬೇರೆ ಬೇರೆ ಥ್ರೆಡ್ ಮಾದರಿಗಳು, ಇವುಗಳಲ್ಲಿ ಕೆಲವು ಒಂದಕ್ಕೊಂದು ಎರಡು ಸುತ್ತು ಹೋಗಿಯೇಬಿಡುತ್ತವೆ, ಒತ್ತಡ ಬಂದಾಗ ಕಿತ್ತು ಬರುತ್ತವೆ. ಪ್ಯಾರಲಲ್ ಬಿಎಸ್‌ಪಿಗೆ ಬಾಂಡೆಡ್ ವಾಷರ್ (ರಬ್ಬರ್ ಅಂಚು ಅಂಟಿಸಿದ ಲೋಹದ ವಾಷರ್) ಹಾಕಿ, ಟೇಪ್ ಸುತ್ತಬೇಡಿ. ಟೇಪ್ ಚೂರು ಒಳಗೆ ಹೋದರೆ ಸ್ಪೂಲ್ ಸಿಕ್ಕಿಕೊಳ್ಳುತ್ತದೆ. ಹೊಸ ಹೋಸ್ ಒಳಗೆ ಕತ್ತರಿಸಿದ ರಬ್ಬರ್ ಪುಡಿ ಇರುತ್ತದೆ, ಜೋಡಿಸುವ ಮುಂಚೆ ತೊಳೆದು ಗಾಳಿ ಹೊಡೆಯಿರಿ.

ಪೈಪ್ ಬಿಚ್ಚುವ ಮುಂಚೆ ಲಿಫ್ಟ್, ಲೋಡರ್ ಎಲ್ಲ ನೆಲಕ್ಕೆ ಇಳಿಸಿ, ಎಂಜಿನ್ ಆಫ್ ಮಾಡಿ, ಲಿವರ್‌ಗಳನ್ನು ಹಿಂದೆ ಮುಂದೆ ಆಡಿಸಿ ಒತ್ತಡ ಬಿಡಿಸಿ. ಜೋಡಿಸಿದ ಮೇಲೆ ಸ್ಲೋ ಸ್ಪೀಡಿನಲ್ಲಿ ಸ್ಟಾರ್ಟ್ ಮಾಡಿ, ಸಿಲಿಂಡರ್‌ಗಳನ್ನು ಕೆಲವು ಸಲ ಪೂರ್ತಿ ಆಡಿಸಿ ಗಾಳಿ ಹೊರಗೆ ಹಾಕಿ, ಎಲ್ಲ ಇಳಿಸಿ ಆಯಿಲ್ ಮಟ್ಟ ನೋಡಿ. ಸೋರಿಕೆ ಹುಡುಕಲು ಕೈ ಸವರಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಸೂಜಿ ತೂತಿನಿಂದ ಹಾರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೊದಲಿಗೆ ಚುಚ್ಚಿದ ಗುರುತು ಮಾತ್ರ ಕಾಣಬಹುದು, ನೋವೂ ಇಲ್ಲದಿರಬಹುದು. ಆದರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ. ತಡವಾದರೆ ಬೆರಳು, ಕೈ ಉಳಿಸುವುದು ಕಷ್ಟ. ಎತ್ತಿದ ಟ್ರೇಲರ್ ಕೆಳಗೆ ಆಸರೆ ಕೊಡದೆ ತಲೆ ಹಾಕಬೇಡಿ, ಬರೀ ಆಯಿಲ್ ನಂಬಿ ನಿಲ್ಲುವ ಜಾಗ ಅಲ್ಲ ಅದು.

ಕೊನೆಗೆ ಕೇಳಿದಿರಲ್ಲ, ಮುಂದೆ ಇದೇ ಔಟ್‌ಲೆಟ್‌ನಲ್ಲಿ ಹೈಡ್ರಾಲಿಕ್ ಮೋಟರ್ ಓಡಿಸಬಹುದಾ ಅಂತ. ಸ್ವಲ್ಪ ಹೊತ್ತಿಗೆ ಸರಿ. ಗಂಟೆಗಟ್ಟಲೆ ಓಡಿಸುವುದಾದರೆ ಆಯಿಲ್ ಕಾದುಹೋಗುತ್ತದೆ, ಲಿಫ್ಟ್‌ಗೂ ಆಯಿಲ್ ಸಿಗುವುದಿಲ್ಲ. ಅದಕ್ಕೆ ಪಿಟಿಒಗೆ (ಉಪಕರಣ ಓಡಿಸುವ ಟ್ರ್ಯಾಕ್ಟರ್‌ನ ತಿರುಗುವ ಶಾಫ್ಟ್) ಸಿಕ್ಕಿಸುವ ಬೇರೆ ಪಂಪ್, ಅದರದೇ ಟ್ಯಾಂಕ್ ಇದ್ದರೆ ಒಳ್ಳೆಯದು.

ಈಗ ಒಂದು ಕೆಲಸ ಮಾಡಿ. ಪಂಪ್ ಹತ್ತಿರದ ಬ್ಲಾಕ್, ಅಲ್ಲಿಂದ ಲಿಫ್ಟ್‌ಗೆ ಹೋಗುವ ಪೈಪ್, ಮತ್ತೆ ಮ್ಯಾನುಯಲ್‌ನ ಹೈಡ್ರಾಲಿಕ್ ಪುಟ, ಮೂರರ ಫೋಟೋ ಇಲ್ಲೇ ಹಾಕಿ. ಯಾವ ಪೋರ್ಟ್‌ನಿಂದ ತೆಗೆಯಬೇಕು, ಟಿ ಎಲ್ಲಿಗೆ ಕೊಡಬೇಕು ಅಂತ ಗುರುತು ಹಾಕಿ ಕೊಡುತ್ತೇನೆ. ಅಲ್ಲಿಯವರೆಗೆ ವಾಲ್ವ್ ಆರ್ಡರ್ ಮಾಡಬೇಡಿ.