ಮೊಟ್ಟೆ ‘ಸಾಕಷ್ಟು’ ಎಂದರೆ ಎಷ್ಟು?

ಹಿತ್ತಲ ಕೋಳಿಯ ಲೇಖನ ಕಳಿಸಿದ ಸಹೋದರಿಗೆ,

ನಮಸ್ಕಾರ. ಕಾವು ಕೂತ ನಾಟಿ ಕೋಳಿಯಿಂದ ಮರಿ ಮಾಡಿಸುವುದರ ಬಗ್ಗೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಭಾಷೆ ಸರಾಗವಾಗಿದೆ. ಕೈ ಚಾಚಿದರೆ ಹೇಂಟೆ ಮೈಯುಬ್ಬಿಸಿ ಗುರುಗುಟ್ಟುವ ಸಾಲು ಚೆನ್ನಾಗಿದೆ. ಆದರೆ ಈಗಿರುವ ಹಾಗೆ ಅಚ್ಚು ಹಾಕಲಾರೆ. ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು. ಆ ಎರಡನ್ನೇ ಹಿಡಿದು ಬರೆಯುತ್ತೇನೆ.

ಮೊದಲನೆಯದು ಈ ವಾಕ್ಯ: ‘ಸೂಕ್ತ ಸಮಯದಲ್ಲಿ ಸಾಕಷ್ಟು ಒಳ್ಳೆಯ ಮೊಟ್ಟೆಗಳನ್ನು ಇಟ್ಟು ಕೋಳಿಯನ್ನು ಕೂರಿಸಬೇಕು.’ ಒಂದೇ ವಾಕ್ಯದಲ್ಲಿ ಮೂರು ಪೊಳ್ಳು ಪದ.

‘ಸೂಕ್ತ ಸಮಯ’ ಯಾವುದು? ಕೋಳಿ ಎರಡು ಮೂರು ರಾತ್ರಿ ಗೂಡು ಬಿಡದೆ ಕೂತಿರಬೇಕು, ಎಬ್ಬಿಸಿದರೂ ಮತ್ತೆ ಅಲ್ಲಿಗೇ ಬರಬೇಕು. ಅಲ್ಲಿಯವರೆಗೆ ಅದರಡಿ ಒಂದೆರಡು ಹಳೇ ಮೊಟ್ಟೆ ಇಟ್ಟು ನೋಡಬೇಕು. ಬೇರೆ ಬುಟ್ಟಿಗೆ ಸಾಗಿಸುವುದಿದ್ದರೆ ಕತ್ತಲಾದ ಮೇಲೆಯೇ. ಹಗಲಲ್ಲಿ ಸಾಗಿಸಿದರೆ ಅದು ಹಳೇ ಜಾಗಕ್ಕೆ ಓಡುತ್ತದೆ, ಮೊಟ್ಟೆ ತಣ್ಣಗಾಗುತ್ತವೆ.

‘ಸಾಕಷ್ಟು’ ಎಂದರೆ ನಾಟಿ ಕೋಳಿಗೆ 10ರಿಂದ 12. ಅದು ರೆಕ್ಕೆ ಇಳಿಬಿಟ್ಟು ಕೂತಾಗ ಸುತ್ತಲೂ ಒಂದು ಮೊಟ್ಟೆಯೂ ಕಾಣಬಾರದು. ಆಸೆಗೆ ಬಿದ್ದು 16 ಇಟ್ಟರೆ ಅಂಚಿನ ನಾಲ್ಕು ಮಾತ್ರ ಹಾಳಾಗುತ್ತವೆ ಎಂದುಕೊಳ್ಳಬೇಡಿ. ಕೋಳಿ ದಿನಕ್ಕೆ ಹಲವು ಸಲ ಮೊಟ್ಟೆ ಹೊರಳಿಸುತ್ತದೆ. ಇವತ್ತು ಒಳಗಿದ್ದದ್ದು ನಾಳೆ ಹೊರಗೆ. ಹೀಗೆ ಸರದಿಯ ಮೇಲೆ ಎಲ್ಲವಕ್ಕೂ ತಂಪು ತಗಲುತ್ತದೆ.

‘ಒಳ್ಳೆಯ’ ಮೊಟ್ಟೆಯೆಂದರೆ ಹುಂಜ ಇರುವ ಹಿಂಡಿನದು, ಇಟ್ಟು ವಾರ ದಾಟದ್ದು, ತೊಳೆಯದ್ದು, ಬಿರುಕಿಲ್ಲದ್ದು. ಅಂಗಡಿಯ ಫಾರಂ ಮೊಟ್ಟೆಗೆ 21 ದಿನ ಕಾವು ಕೊಟ್ಟರೂ ಮರಿಯಾಗದು, ಅಲ್ಲಿ ಹುಂಜವೇ ಇರುವುದಿಲ್ಲ. ಎಲ್ಲವನ್ನೂ ಒಂದೇ ದಿನ ಇಟ್ಟು, ಪೆನ್ಸಿಲಿನಲ್ಲಿ ಗುರುತು ಹಾಕಿ ಎಂದು ನೀವು ಬರೆಯಲೇಬೇಕಿತ್ತು. ಬೇರೆ ಕೋಳಿಗಳು ಅದೇ ಬುಟ್ಟಿಗೆ ಬಂದು ಮೊಟ್ಟೆ ಇಟ್ಟು ಹೋಗುತ್ತವೆ. ಗುರುತಿಲ್ಲದ್ದನ್ನು ಅಂದಂದೇ ತೆಗೆಯದಿದ್ದರೆ, ಮೊದಲ ಮರಿಗಳ ಜೊತೆ ತಾಯಿ ಎದ್ದು ಹೋದಾಗ ಆ ಮೊಟ್ಟೆಗಳು ಅರ್ಧ ಬೆಳೆದು ಸಾಯುತ್ತವೆ.

‘ಆಗಾಗ ಪರೀಕ್ಷಿಸಿ’ ಎಂದಿದ್ದೀರಿ. ಆಗಾಗ ಬೇಡ. 7ನೇ ರಾತ್ರಿ ಟಾರ್ಚಿನ ಮೇಲೆ ಮೊಟ್ಟೆ ಹಿಡಿದು ನೋಡಿದರೆ ಜೇಡದ ಕಾಲಿನಂತೆ ಕೆಂಪು ಎಳೆ ಕಾಣಬೇಕು. ಏನೂ ಇಲ್ಲದೆ ತಿಳಿಯಾಗಿದ್ದರೆ ಬಂಜೆ, ಬರೀ ರಕ್ತದ ಉಂಗುರವಿದ್ದರೆ ಸತ್ತದ್ದು, ಎರಡನ್ನೂ ತೆಗೆಯಬೇಕು. ಬಿಟ್ಟರೆ ಕೊಳೆತು, ಒಡೆದು ಉಳಿದವನ್ನೂ ಕೆಡಿಸುತ್ತವೆ. 14ಕ್ಕೆ ಇನ್ನೊಮ್ಮೆ ನೋಡಬಹುದು. 18ರ ನಂತರ ಕೈ ಹಾಕಕೂಡದು.

ನಾನು ಕೃಷಿ ಪುಟದಲ್ಲಿ ಕೆಲಸ ಕಲಿಯುವಾಗ ನಮ್ಮ ಹಿರಿಯ ಸಂಪಾದಕರು ‘ಸೂಕ್ತ’ ಎಂಬ ಪದ ಕಂಡಲ್ಲೆಲ್ಲ ಗೆರೆ ಎಳೆದು ಪಕ್ಕದಲ್ಲಿ ‘ಎಷ್ಟು?’ ಎಂದು ಬರೆದು ವಾಪಸು ಕೊಡುತ್ತಿದ್ದರು. ಉತ್ತರ ತರುವವರೆಗೆ ಪುಟ ಮುಂದೆ ಹೋಗುತ್ತಿರಲಿಲ್ಲ. ಆ ಅಭ್ಯಾಸ ನನಗೂ ಅಂಟಿದೆ.

ಎರಡನೆಯದು ಇನ್ನೂ ಗಂಭೀರ. ‘21ನೇ ದಿನ ಹೊರಬರಲು ಕಷ್ಟಪಡುವ ಮರಿಗಳಿಗೆ ಸಿಪ್ಪೆ ಬಿಡಿಸಿ ಸಹಾಯ ಮಾಡಿ.’ ದಯವಿಟ್ಟು ಈ ಸಾಲನ್ನು ಹೊಡೆದುಹಾಕಿ. ಮರಿ ಸಿಪ್ಪೆಗೆ ಮೊದಲ ತೂತು ಮಾಡಿದ ಮೇಲೆ 12 ಗಂಟೆ, ಕೆಲವೊಮ್ಮೆ ಒಂದು ದಿನ ಸುಮ್ಮನಿರುತ್ತದೆ. ನಮಗೆ ಅದು ಸೋತಂತೆ ಕಾಣುತ್ತದೆ. ಒಳಗೆ ಕೆಲಸ ನಡೆದಿರುತ್ತದೆ: ಸಿಪ್ಪೆಯ ಒಳಪೊರೆಯ ರಕ್ತನಾಳಗಳು ಬತ್ತುತ್ತಿರುತ್ತವೆ, ಉಳಿದ ಹಳದಿ ಲೋಳೆ ಹೊಟ್ಟೆಯೊಳಕ್ಕೆ ಸೇರುತ್ತಿರುತ್ತದೆ. ಆಗ ಸಿಪ್ಪೆ ಕಿತ್ತರೆ ರಕ್ತ ಸೋರುತ್ತದೆ, ಹೊಕ್ಕುಳು ಮುಚ್ಚಿರುವುದಿಲ್ಲ, ಅಲ್ಲಿಂದ ನಂಜು ಹತ್ತಿ ಮರಿ ಸಾಯುತ್ತದೆ. ನಿಮ್ಮ ಮಾತು ನಂಬಿದ ಓದುಗರ ಅಂಗೈಯಲ್ಲೇ ಸಾಯುತ್ತದೆ. ಒಳಸೇರಿದ ಆ ಹಳದಿಯೇ ಮರಿಗೆ ಎರಡು ದಿನದ ಬುತ್ತಿ. ಹಾಗಾಗಿ ಮೊದಲು ಹುಟ್ಟಿದ್ದಕ್ಕೆ ಹಸಿವಾದೀತೆಂದು ತಾಯಿಯನ್ನು ಎಬ್ಬಿಸುವುದೂ ತಪ್ಪು. ಉಳಿದವು ಒಡೆಯಲಿ ಎಂದು ಅದು ತಾನಾಗಿ ಕಾಯುತ್ತದೆ.

‘ಸೂಕ್ತ ಆಹಾರ ಕೊಟ್ಟು ರಕ್ಷಿಸಿ’ ಎಂದು ಮುಗಿಸಿದ್ದೀರಿ. ಮತ್ತೆ ಸೂಕ್ತ! ಮೊದಲು ನೀರು, ಬೆಣಚುಕಲ್ಲು ಹಾಕಿದ ತಟ್ಟೆಯಲ್ಲಿ. ಆಳದ ಪಾತ್ರೆಯಲ್ಲಿ ಮರಿ ಮುಳುಗುತ್ತದೆ. ಆಮೇಲೆ ನುಚ್ಚು, ರಾಗಿ. ಅಷ್ಟೇ ಕೊಟ್ಟರೆ ಪ್ರೋಟೀನ್ ಸಾಲದೆ ಸೊರಗುತ್ತವೆ, ಗೆದ್ದಲು ಅಥವಾ ಮರಿಗಳ ಸ್ಟಾರ್ಟರ್ ಫೀಡ್ ಜೊತೆಗಿರಲಿ. ಮೊದಲ ಹತ್ತು ದಿನ ಕಾಗೆ, ಹದ್ದು, ಮುಂಗುಸಿಯ ಕಾಟ ಹೆಚ್ಚು. ತಾಯಿ, ಮರಿ ಒಟ್ಟಿಗೆ ಬಿದಿರಿನ ಕುಕ್ಕೆಯಡಿ ಇರಲಿ. 5ರಿಂದ 7ನೇ ದಿನದೊಳಗೆ ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ, ಕಣ್ಣಿಗೆ ಒಂದು ಹನಿ. ಒಂದು ಸೀಸೆ ನೂರಕ್ಕೂ ಹೆಚ್ಚು ಮರಿಗಾಗುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಐಸಿನಲ್ಲಿ ತರಿಸಿಕೊಳ್ಳುವುದು ಲೇಸು.

ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಜೊತೆಗೆ ನಿಮ್ಮ ಕೋಳಿ ಎಷ್ಟು ಮೊಟ್ಟೆಗೆ ಕೂತಿತ್ತು, ಎಷ್ಟು ಮರಿಯಾದವು, ತಿಂಗಳ ಮೇಲೆ ಎಷ್ಟು ಉಳಿದವು, ಈ ಮೂರು ಅಂಕಿ ಇರಲಿ.

ಇಂತಿ,
ಸಂಪಾದಕ