ಆರೋಗ್ಯ ವ್ಯವಸ್ಥೆಗೆ ಗಣಿತ ಮಾದರಿ ಏಕೆ ಬೇಕು?

ಹಾಸಿಗೆ, ವೈದ್ಯರು, ಔಷಧಗಳ ಒಟ್ಟು ಲೆಕ್ಕವಿದ್ದರೆ ಸಾಲದೇ, ಮಾದರಿ ಏಕೆ ಎಂದು ಕೇಳಿದ್ದೀರಿ. ಸಾಲದು. ವ್ಯವಸ್ಥೆ ಮೊದಲು ಎಲ್ಲಿ ಕುಸಿಯುತ್ತದೆ ಎಂಬುದು ಒಟ್ಟು ಲೆಕ್ಕದಲ್ಲಿ ಕಾಣುವುದಿಲ್ಲ.

ಕೋವಿಡ್‌ನ ಎರಡನೇ ಅಲೆ ಅಪ್ಪಳಿಸಿದ 2021ರ ಏಪ್ರಿಲ್, ಮೇ ತಿಂಗಳುಗಳನ್ನೇ ನೋಡಿ. ದ್ರವ ಆಮ್ಲಜನಕ ಒದಗಿಸಬಲ್ಲ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಹಲವು ಇದ್ದದ್ದು ಪೂರ್ವ ಭಾರತದಲ್ಲಿ. ರೋಗಿಗಳು ದೆಹಲಿ, ಮುಂಬೈ, ಬೆಂಗಳೂರಿನಲ್ಲಿ. ದ್ರವ ಆಮ್ಲಜನಕವನ್ನು ಅತಿ ತಣ್ಣಗಿಟ್ಟು ಸಾಗಿಸುವ ಕ್ರಯೋಜೆನಿಕ್ ಟ್ಯಾಂಕರ್‌ಗಳೇ ಸಾಕಷ್ಟಿರಲಿಲ್ಲ. ಜಮ್ಶೆಡ್‌ಪುರದಿಂದ ವೈಟ್‌ಫೀಲ್ಡ್‌ಗೆ ಆಮ್ಲಜನಕ ರೈಲಿನಲ್ಲಿ ಬಂತು. ಖಾಲಿ ಟ್ಯಾಂಕರ್‌ಗಳನ್ನು ವಾಯುಪಡೆಯ ವಿಮಾನಗಳು ಮರಳಿ ಒಯ್ದವು, ಏಕೆಂದರೆ ರಸ್ತೆಯಲ್ಲಿ ಹಿಂದಿರುಗುವುದಕ್ಕೇ ದಿನಗಟ್ಟಲೆ ಹಿಡಿಯುತ್ತಿತ್ತು. ಈ ಹೋಗಿಬರುವ ಅವಧಿಯನ್ನು ಸೇರಿಸಿಕೊಂಡ ಮಾದರಿ ಇಕ್ಕಟ್ಟನ್ನು ಮೊದಲೇ ತೋರಿಸಬಲ್ಲದು. ವೆಂಟಿಲೇಟರ್‌ಗಳದ್ದೂ ಇದೇ ಕಥೆ: ಯಂತ್ರವನ್ನು ಎಣಿಸುತ್ತಾರೆ, ಅದನ್ನು ನೋಡಿಕೊಳ್ಳುವ ದಾದಿಯರ ಪಾಳಿಯನ್ನು ಮರೆಯುತ್ತಾರೆ.

ಸರದಿಯ ಗಣಿತ ಇನ್ನೂ ಕಟುವಾದದ್ದು. ಒಬ್ಬರೇ ವೈದ್ಯರು, ರೋಗಿಗಳು ಬರುವ ಹೊತ್ತೂ ತಪಾಸಣೆಯ ಅವಧಿಯೂ ಅನಿಶ್ಚಿತ ಎಂದುಕೊಳ್ಳಿ. ಅತಿ ಸರಳ ಸೂತ್ರದ ಪ್ರಕಾರ, ವೈದ್ಯರು ಶೇ. 80 ಹೊತ್ತು ನಿರತರಾಗಿದ್ದರೆ ಕ್ಲಿನಿಕ್‌ನಲ್ಲಿ ಸರಾಸರಿ 4 ರೋಗಿಗಳು, ಶೇ. 90ಕ್ಕೆ 9, ಶೇ. 95ಕ್ಕೆ 19. ಹಾಸಿಗೆಗಳಿಗೂ ಇದೇ ತರ್ಕ. ಖಾಲಿ ಹಾಸಿಗೆಯನ್ನು ಬರೀ ದಂಡವೆಂದು ಎಣಿಸುವ ಆಡಳಿತಗಾರರಿಗೆ ನಾನು ಮೊದಲು ತೋರಿಸುವುದು ಈ ಮೂರು ಅಂಕಿಗಳನ್ನೇ.