ಕೀ ಜೇಬಿನಲ್ಲೇ ಇದೆ, ಕಾರಿಗೆ ಮಾತ್ರ ಕಾಣುತ್ತಿಲ್ಲ!

ಪ್ರಶ್ನೆ: ನಮ್ಮದು ನಾಲ್ಕು ವರ್ಷದ ಪುಶ್ ಬಟನ್ ಕಾರು. ಹತ್ತು ದಿನದಿಂದ ಬಟನ್ ಒತ್ತಿದರೆ ‘ಕೀ ನಾಟ್ ಡಿಟೆಕ್ಟೆಡ್’ ಎಂದು ಬರುತ್ತಿದೆ. ಎರಡು ಮೂರು ಸಲ ಒತ್ತಿದ ಮೇಲೆ ಸ್ಟಾರ್ಟ್ ಆಗುತ್ತಿತ್ತು, ನಿನ್ನೆ ಅದೂ ಆಗಲಿಲ್ಲ. ಗ್ಯಾರೇಜಿನವರು ಹೊಸ ಕೀ ಮಾಡಿಸಿ ಅನ್ನುತ್ತಾರೆ. ಸಾವಿರಾರು ರೂಪಾಯಿ ಖರ್ಚಂತೆ. ಏನು ಮಾಡಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೊಸ ಕೀಗೆ ಈಗಲೇ ದುಡ್ಡು ಕೊಡಬೇಡಿ. ಮೊದಮೊದಲು ಆಗಾಗ ಕೈಕೊಟ್ಟು, ಬರಬರುತ್ತಾ ಜಾಸ್ತಿಯಾಗುತ್ತಿದೆ ಅಲ್ವಾ? ಹೆಚ್ಚಾಗಿ ಇದು ಕೀ ಒಳಗಿನ ಸೆಲ್ ಸೋತ ಲಕ್ಷಣ.

ಖಾತ್ರಿ ಮಾಡಿಕೊಳ್ಳಲು ಕೀಯನ್ನು ಸ್ಟಾರ್ಟ್ ಬಟನ್‌ಗೇ ತಾಗಿಸಿ ಹಿಡಿಯಿರಿ. ಬ್ರೇಕ್ ತುಳಿದು, ಗೇರ್ ಕಾರಾದರೆ ಕ್ಲಚ್ ಕೂಡ ತುಳಿದು, ಬಟನ್ ಒತ್ತಿ. ಕೀಯಲ್ಲಿ ಸೆಲ್ ಬೇಡದ ಪುಟ್ಟ ಚಿಪ್ ಒಂದಿದೆ. ಅದು ಹತ್ತಿರ ಬಂದಾಗ ಕಾರಿನ ಕಾಯಿಲ್‌ನಿಂದಲೇ ಕರೆಂಟ್ ಪಡೆದು ತನ್ನ ಗುರುತು ಹೇಳುತ್ತದೆ. ಕೆಲವು ಕಾರುಗಳಲ್ಲಿ ಈ ಜಾಗ ಕಪ್ ಹೋಲ್ಡರ್‌ನಲ್ಲಿರುತ್ತದೆ, ಮ್ಯಾನ್ಯುಯಲ್ ನೋಡಿ. ಹೀಗೆ ಸ್ಟಾರ್ಟ್ ಆದರೆ ಚಿಪ್ ಸರಿಯಿದೆ, ಸೆಲ್ ಬದಲಿಸಿದರೆ ಸಾಕು.

ಹೆಚ್ಚಿನ ಕೀಗಳಲ್ಲಿರುವುದು 3 ವೋಲ್ಟಿನ ಸಿಆರ್ 2032. ಅಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಹಳೆಯದರ ಮೇಲಿನ ನಂಬರ್ ನೋಡಿ ಅದನ್ನೇ ತನ್ನಿ. ಸಿಆರ್ 2025 ಸೆಲ್ ತೆಳ್ಳಗಿರುವುದರಿಂದ ಸಡಿಲವಾಗಿ ಕೂರುತ್ತದೆ. ಕೀ ಬಿಚ್ಚಲು ಒಳಗಿನ ಲೋಹದ ಕೀ ಹೊರತೆಗೆದು, ಆ ಸಂದಿಯಲ್ಲಿ ಬಟ್ಟೆ ಸುತ್ತಿದ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ತಿರುಗಿಸಿ. ಪ್ಲಸ್ ಯಾವ ಕಡೆ ಇತ್ತೆಂದು ನೋಡಿಕೊಳ್ಳಿ. ಸೆಲ್ ಅನ್ನು ಒತ್ತಿ ಹಿಡಿಯುವ ಪುಟ್ಟ ತಗಡನ್ನೂ ಗಮನಿಸಿ. ಒಮ್ಮೆ ನನ್ನ ಬಳಿ ಬಂದ ಕೀಗೆ ಎರಡು ಸಲ ಹೊಸ ಸೆಲ್ ಹಾಕಿದ್ದರು. ತಗಡು ಚಪ್ಪಟೆಯಾಗಿ ಸೆಲ್‌ಗೆ ತಾಗುತ್ತಲೇ ಇರಲಿಲ್ಲ. ಕೂದಲೆಳೆಯಷ್ಟು ಎತ್ತಿದೆ, ಸರಿಹೋಯಿತು.

ತೆಗೆದ ಸೆಲ್ ಅನ್ನು ಟೇಬಲ್ ಮೇಲೆ ಸುಮ್ನೆ ಬಿಡಬೇಡಿ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಹಾಗೇನಾದರೂ ಆದರೆ ತಕ್ಷಣ ಆಸ್ಪತ್ರೆಗೆ ಓಡಿ. ಹಳೆಯ ಸೆಲ್‌ಗೆ ಟೇಪ್ ಸುತ್ತಿ ಎತ್ತಿಡಿ.

ಹೊಸ ಸೆಲ್ ಹಾಕಿದರೂ ಆಗಲಿಲ್ಲವೇ? ಕೀಯನ್ನು ಮೊಬೈಲ್ ಇರುವ ಜೇಬಿನಿಂದ ಬೇರೆ ಕಡೆ ಇಡಿ, ಕಾರಿನಲ್ಲಿ ಚುಚ್ಚಿರುವ ಚಾರ್ಜರ್ ತೆಗೆಯಿರಿ. ಆಮೇಲೆ ಎರಡನೇ ಕೀ ಪ್ರಯತ್ನಿಸಿ. ಅದರ ಸೆಲ್‌ಗೂ ನಾಲ್ಕು ವರ್ಷ, ಮೊದಲು ಅದನ್ನೂ ಬದಲಿಸಿ. ಎರಡೂ ಕೀ ಕೆಲಸ ಮಾಡದಿದ್ದರೆ ಕಾರಿನ ಬ್ಯಾಟರಿ ಅಳೆಸಿ. ಗಾಡಿ ನಿಂತಿದ್ದಾಗ ಸುಮಾರು 12.6 ವೋಲ್ಟ್ ಇರಬೇಕು, 12ಕ್ಕಿಂತ ಇಳಿದಿದ್ದರೆ ತೊಂದರೆ ಅಲ್ಲೇ ಇರಬಹುದು.

ಎರಡನೆಯದು ಸರಿಯಾಗಿ ನಡೆದು, ಮೊದಲನೆಯದು ಬಟನ್‌ಗೆ ತಾಗಿಸಿದರೂ ಸುಮ್ಮನಿದ್ದರೆ ಮಾತ್ರ ಸರ್ವಿಸ್ ಸೆಂಟರ್‌ಗೆ ಹೋಗಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಕೀ ಒಯ್ಯಿರಿ. ಕೆಲವು ಕಾರುಗಳಲ್ಲಿ ಹೊಸ ಕೀ ಸೇರಿಸುವಾಗ, ಅಲ್ಲಿಲ್ಲದ ಹಳೆಯ ಕೀ ನೆನಪಿನಿಂದ ಅಳಿಸಿಹೋಗುತ್ತದೆ.